ನಕ್ಷೆ ಇಲ್ಲದೆ ಪೆಸಿಫಿಕ್ ದಾಟಿದವರು: ಪಾಲಿನೇಷ್ಯಾದ ನಾವಿಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಇದು ಹೇಳಿ, ಪಾಲಿನೇಷ್ಯಾ ಅಂದರೆ ಎಲ್ಲಿ?

ಪೆಸಿಫಿಕ್ ಸಾಗರದ ನಕ್ಷೆಯ ಮೇಲೆ ಮೂರು ಚುಕ್ಕೆ ಇಡಿ. ಉತ್ತರದಲ್ಲಿ ಹವಾಯಿ, ಆಗ್ನೇಯದಲ್ಲಿ ರಾಪಾ ನುಯಿ (ಶಾಲೆಯಲ್ಲಿ ನಾವು ಈಸ್ಟರ್ ದ್ವೀಪ ಅಂತ ಓದಿದ್ದು ಇದನ್ನೇ), ನೈಋತ್ಯದಲ್ಲಿ ನ್ಯೂಜಿಲೆಂಡ್. ಮೂರನ್ನೂ ಗೆರೆ ಎಳೆದು ಸೇರಿಸಿದರೆ ಬರುವ ತ್ರಿಕೋನವೇ ಪಾಲಿನೇಷ್ಯಾ. ಒಂದೊಂದು ಬದಿಯೂ ಸುಮಾರು 7,000 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇರುವ ದೂರಕ್ಕಿಂತ ಎರಡು ಪಟ್ಟು ಜಾಸ್ತಿ. ಈ ತ್ರಿಕೋನದಲ್ಲಿ ನೆಲಕ್ಕಿಂತ ನೀರೇ ಎಷ್ಟೋ ಪಾಲು ಹೆಚ್ಚು. ಟಹೀಟಿ, ಸಮೋವಾ, ಟೋಂಗಾ, ಮಾರ್ಕೇಸಸ್, ಕುಕ್ ದ್ವೀಪಗಳು ಎಲ್ಲವೂ ಇದರೊಳಗೇ ಇವೆ.

ಯುರೋಪಿನ ಹಡಗುಗಳು ಇಲ್ಲಿಗೆ ಬಂದಾಗ, ಜನ ಬದುಕಬಹುದಾದ ದ್ವೀಪಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಪಾಲಿನೇಷ್ಯಾದವರು ಆಗಲೇ ಹುಡುಕಿ ಮುಗಿಸಿದ್ದರು.

ಯಾವಾಗ ಹೋದರು?

ಒಂದೇ ಸಲಕ್ಕೆ ಆದದ್ದಲ್ಲ. ಇವರ ಪೂರ್ವಜರು ಪಪುವಾ ನ್ಯೂಗಿನಿಯ ಪಕ್ಕದ ಬಿಸ್ಮಾರ್ಕ್ ದ್ವೀಪಗಳ ಕಡೆಯಿಂದ ಪೂರ್ವಕ್ಕೆ ಹೊರಟು ಕ್ರಿ.ಪೂ. 900-800ರ ಹೊತ್ತಿಗೆ ಟೋಂಗಾ, ಸಮೋವಾ ಸೇರಿದ್ದರು. ಅವರು ಬಿಟ್ಟುಹೋದ ಚಿತ್ತಾರದ ಮಡಕೆ ಚೂರುಗಳಿಂದ ಈ ಜಾಡು ಗೊತ್ತಾಗುತ್ತದೆ. ಇದನ್ನು ಲಪೀಟಾ ಸಂಸ್ಕೃತಿ ಅನ್ನುತ್ತಾರೆ. ಆಮೇಲೆ 1,500 ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ನಿಂತರು. ಯಾಕೆ ಅನ್ನುವ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ಮತ್ತೆ ಹೊರಟದ್ದು ಕ್ರಿ.ಶ. 1000ದ ಆಸುಪಾಸಿನಲ್ಲಿ, ಈ ಸಲ ಮಾತ್ರ ತಡೆಯೇ ಇರಲಿಲ್ಲ. ಎರಡು ಮೂರು ನೂರು ವರ್ಷದೊಳಗೆ ಟಹೀಟಿ, ಹವಾಯಿ, ರಾಪಾ ನುಯಿ, ಕೊನೆಗೆ 1250-1300ರ ಸುಮಾರಿಗೆ ನ್ಯೂಜಿಲೆಂಡ್.

ಬಿರುಗಾಳಿಗೆ ಸಿಕ್ಕಿ ತೇಲಿಹೋಗಿ ಸೇರಿದ್ದೂ ಇರಬಹುದಲ್ವಾ?

ಹೆಚ್ಚು ಬರುವ ಪ್ರಶ್ನೆ ಇದೇ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು, ಯಾಕೆಂದರೆ ಈ ಅನುಮಾನ ಒಂದು ಇಡೀ ಜನಾಂಗದ ಬುದ್ಧಿವಂತಿಕೆಯನ್ನೇ ಅಳಿಸಿಹಾಕುತ್ತಿತ್ತು.

1947ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಕೋನ್-ಟಿಕಿ ಅನ್ನುವ ತೆಪ್ಪದಲ್ಲಿ ಪೆರುವಿನಿಂದ ಹೊರಟು, 101 ದಿನ ಗಾಳಿ ಮತ್ತು ಪ್ರವಾಹದ ಜೊತೆ ಸಾಗಿ ಟುಆಮೋಟು ದ್ವೀಪಗಳ ರರೋಯಾ ತಲುಪಿದರು. ಪಾಲಿನೇಷ್ಯಾಕ್ಕೆ ಜನ ಬಂದದ್ದು ದಕ್ಷಿಣ ಅಮೆರಿಕದಿಂದ ಅನ್ನುವುದು ಅವರ ವಾದ. ಸಾಹಸ ದೊಡ್ಡದೇ, ಆದರೆ ವಾದ ನಿಲ್ಲಲಿಲ್ಲ. ಭಾಷೆ, ಮಡಕೆ, ಬೆಳೆ, ಡಿಎನ್‌ಎ ಎಲ್ಲವೂ ಪಶ್ಚಿಮಕ್ಕೆ, ಅಂದರೆ ಏಷ್ಯಾದ ಕಡೆಗೆ ಕೈ ತೋರಿಸುತ್ತವೆ. ಆಮೇಲೆ 1956ರಲ್ಲಿ ನ್ಯೂಜಿಲೆಂಡಿನ ಇತಿಹಾಸಕಾರ ಆಂಡ್ರ್ಯೂ ಶಾರ್ಪ್ ಇನ್ನೊಂದು ವಾದ ತಂದರು: ಇವರು ಬೇಕೆಂದು ಹೋಗಿ ಬಂದದ್ದಲ್ಲ, ದಾರಿ ತಪ್ಪಿದ ದೋಣಿಗಳು ಆಕಸ್ಮಿಕವಾಗಿ ದ್ವೀಪ ಸೇರಿದವು ಅಂತ.

ಇದನ್ನು ಪರೀಕ್ಷೆ ಮಾಡಿದವರಿದ್ದಾರೆ. 1973ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಅಧ್ಯಯನದಲ್ಲಿ ಗಾಳಿ ಮತ್ತು ಪ್ರವಾಹದ ದಾಖಲೆಗಳನ್ನು ಇಟ್ಟುಕೊಂಡು ಲಕ್ಷದಷ್ಟು ಕಾಲ್ಪನಿಕ ದೋಣಿಗಳನ್ನು ಸುಮ್ನೆ ತೇಲಿಬಿಟ್ಟರು. ಹವಾಯಿ, ರಾಪಾ ನುಯಿ, ನ್ಯೂಜಿಲೆಂಡ್, ಈ ಮೂರು ಮೂಲೆಗಳನ್ನು ಹಾಗೆ ತೇಲಿ ಮುಟ್ಟುವ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆ ಅಂತ ಬಂತು. ಇನ್ನೂ ಗಟ್ಟಿ ಸಾಕ್ಷಿ ಒಂದಿದೆ. ಟುಆಮೋಟು ದ್ವೀಪಗಳಲ್ಲಿ ಸಿಕ್ಕಿದ್ದ ಒಂದು ಕಲ್ಲಿನ ಬಾಚಿಯ ಕಲ್ಲು ಹವಾಯಿಯ ಕಹೋಓಲಾವೆ ದ್ವೀಪದ್ದು ಅಂತ 2007ರಲ್ಲಿ ರಾಸಾಯನಿಕ ವಿಶ್ಲೇಷಣೆ ತೋರಿಸಿತು. ನಡುವಿನ ದೂರ ಸುಮಾರು 4,000 ಕಿ.ಮೀ. ಅಂದರೆ ಹವಾಯಿಗೆ ಬಂದವರು ಬಂದು ಸುಮ್ಮನಾಗಲಿಲ್ಲ, ವಾಪಸ್ಸೂ ಹೋಗಿದ್ದಾರೆ.

ಇಷ್ಟೆಲ್ಲ ಯಾಕೆ, ದೋಣಿಯಲ್ಲಿ ಏನಿತ್ತು ನೋಡಿ: ಕೆಸುವಿನ ಗಡ್ಡೆ, ಬಾಳೆ, ದೀವಿ ಹಲಸು, ತೆಂಗು, ಹಂದಿ, ನಾಯಿ, ಕೋಳಿ. ಮೀನು ಹಿಡಿಯಲು ಹೋಗಿ ದಾರಿ ತಪ್ಪಿದವರು ಹೆಂಡತಿ ಮಕ್ಕಳ ಜೊತೆ ಬಾಳೆಯ ಕಂದು ಕಟ್ಟಿಕೊಂಡು ಹೋಗಿರುತ್ತಾರಾ?

ದಕ್ಷಿಣ ಅಮೆರಿಕದ ಜೊತೆ ಸಂಬಂಧವೇ ಇರಲಿಲ್ವಾ ಹಾಗಾದರೆ?

ಇತ್ತು. ಸಿಹಿಗೆಣಸು ಅಲ್ಲಿನ ಬೆಳೆ, ಯುರೋಪಿನವರು ಬರುವ ಮೊದಲೇ ಅದು ಪಾಲಿನೇಷ್ಯಾದಲ್ಲಿತ್ತು. 2020ರ ಒಂದು ಡಿಎನ್‌ಎ ಅಧ್ಯಯನವೂ ಸುಮಾರು 1200ರ ಹೊತ್ತಿಗೆ ಎರಡೂ ಕಡೆಯವರ ನಡುವೆ ಬೆರಕೆ ಆಗಿತ್ತು ಅನ್ನುತ್ತದೆ. ಅಲ್ಲಿಗೆ ಹೋಗಿ ಗೆಣಸು ತಂದವರು ಪಾಲಿನೇಷ್ಯಾದವರೇ ಅನ್ನುವುದು ನನಗೆ ಹೆಚ್ಚು ಒಪ್ಪುವ ಮಾತು. ಅಷ್ಟು ದೂರ ಹೋಗಿ ಬರುವ ದೋಣಿ ಇದ್ದದ್ದು ಅವರ ಬಳಿ.

ಗಾಳಿ ಪೂರ್ವದಿಂದ ಬೀಸುತ್ತದೆ, ಇವರು ಪೂರ್ವಕ್ಕೇ ಹೋದರು. ಅದು ಹೇಗೆ?

ಅಲ್ಲಿನ ವಾಣಿಜ್ಯ ಮಾರುತ ವರ್ಷದ ಬಹುಪಾಲು ಪೂರ್ವದಿಂದಲೇ ಬೀಸುತ್ತದೆ, ನಿಜ. ಆದರೆ ದಕ್ಷಿಣಾರ್ಧದ ಬೇಸಿಗೆಯಲ್ಲಿ ಆಗಾಗ ಪಶ್ಚಿಮದ ಗಾಳಿ ತಿರುಗುತ್ತದೆ, ಎಲ್ ನಿನೋ ವರ್ಷಗಳಲ್ಲಿ ಅದು ಇನ್ನೂ ಜಾಸ್ತಿ. ಆ ಗಾಳಿ ಹಿಡಿದು ಪೂರ್ವಕ್ಕೆ ಹೋಗುವುದು. ಹೊಸ ದ್ವೀಪ ಸಿಗಲಿಲ್ಲವಾ, ಮಾಮೂಲಿ ಗಾಳಿ ಮತ್ತೆ ಶುರುವಾದ ಮೇಲೆ ಅದೇ ನಿಮ್ಮನ್ನು ಮನೆ ಕಡೆ ತಳ್ಳುತ್ತದೆ. ಹೊಸ ಜಾಗ ಹುಡುಕುವವನಿಗೆ ವಾಪಸ್ಸು ದಾರಿ ಸುಲಭ ಇರಬೇಕು, ಹೋಗುವಾಗ ಕಷ್ಟವಾದರೂ ಪರವಾಗಿಲ್ಲ. ಈ ಲೆಕ್ಕಾಚಾರದಲ್ಲಿ ಇರುವ ವಿವೇಕ ನೋಡಿದರೆ ಇವರು ಪ್ರಾಣ ಒತ್ತೆಯಿಟ್ಟು ಜೂಜಾಡಿದವರಲ್ಲ ಅಂತ ಗೊತ್ತಾಗುತ್ತದೆ.

ನಕ್ಷತ್ರ ನೋಡಿ ದಿಕ್ಕು ಹಿಡಿಯುವುದು ಅಂದರೆ ಏನು ಮಾಡುತ್ತಿದ್ದರು?

ಒಂದು ನಕ್ಷತ್ರ ವರ್ಷವಿಡೀ ದಿಗಂತದ ಒಂದೇ ಜಾಗದಲ್ಲಿ ಹುಟ್ಟುತ್ತದೆ, ಒಂದೇ ಜಾಗದಲ್ಲಿ ಮುಳುಗುತ್ತದೆ. ಹುಟ್ಟುವ ಹೊತ್ತು ಮಾತ್ರ ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಆಗುತ್ತಾ ಹೋಗುತ್ತದೆ. ಇದು ಗೊತ್ತಿದ್ದರೆ ದಿಗಂತವೇ ದಿಕ್ಸೂಚಿ.

ಹೋಗಬೇಕಾದ ದ್ವೀಪದ ದಿಕ್ಕಿನಲ್ಲಿ ಈಗ ಹುಟ್ಟುತ್ತಿರುವ ನಕ್ಷತ್ರಕ್ಕೆ ದೋಣಿಯ ಮೂತಿ ಇಡುತ್ತಾರೆ. ಅದು ಮೇಲೇರಿ ಓರೆಯಾದ ಮೇಲೆ ಅದನ್ನು ಬಿಟ್ಟು ಅದೇ ಜಾಗದಲ್ಲಿ ಹುಟ್ಟುವ ಮುಂದಿನ ನಕ್ಷತ್ರ ಹಿಡಿಯುತ್ತಾರೆ. ಒಂದು ರಾತ್ರಿಗೆ ಹೀಗೆ ಹತ್ತಿರ ಹತ್ತು ನಕ್ಷತ್ರ ಬೇಕಾಗುತ್ತವೆ. ಮುಂದೆ ಮೋಡವಿದ್ದರೆ ಹಿಂದೆ ಮುಳುಗುತ್ತಿರುವುದನ್ನು ನೋಡಿಕೊಂಡು ಹೋಗಬಹುದು, ಪಕ್ಕದ್ದನ್ನು ಹಗ್ಗಕ್ಕೋ ಕಂಬಕ್ಕೋ ಸರಿಹೊಂದಿಸಿಕೊಂಡೂ ಹೋಗಬಹುದು. ಇಂಥ ನೂರಾರು ನಕ್ಷತ್ರಗಳ ಹುಟ್ಟು, ಮುಳುಗು ಬಾಯಿಪಾಠ ಇರಬೇಕು. ಬರೆದಿಟ್ಟುಕೊಳ್ಳುವ ಪದ್ಧತಿಯೇ ಇಲ್ಲ.

ಈಗ ಹವಾಯಿಯಲ್ಲಿ ಕಲಿಸುವ ನಕ್ಷತ್ರ ದಿಕ್ಸೂಚಿಯಲ್ಲಿ ದಿಗಂತವನ್ನು 32 ಮನೆಗಳಾಗಿ ಹಂಚಿದ್ದಾರೆ, ಒಂದೊಂದು ಮನೆ 11.25 ಡಿಗ್ರಿ. ಇದು ಹಳೆಯ ಹವಾಯಿಯಿಂದ ಹಾಗೇ ಉಳಿದು ಬಂದದ್ದಲ್ಲ, ನೈನೋವಾ ಥಾಂಪ್ಸನ್ ಈ ಕಾಲದಲ್ಲಿ ಕಟ್ಟಿಕೊಂಡದ್ದು. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ದಿಕ್ಕು ಸರಿ. ಉತ್ತರಕ್ಕೆ, ದಕ್ಷಿಣಕ್ಕೆ ಎಷ್ಟು ಬಂದಿದ್ದೇವೆ ಅಂತ ತಿಳಿಯುವುದು ಹೇಗೆ?

ಪ್ರತಿ ದ್ವೀಪಕ್ಕೂ ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರ ಇರುತ್ತದೆ. ಹವಾಯಿಗೆ ನಮ್ಮ ಸ್ವಾತಿ ನಕ್ಷತ್ರ, ಟಹೀಟಿ ಕಡೆಗೆ ಲುಬ್ಧಕ. ದಕ್ಷಿಣದಿಂದ ಹವಾಯಿಗೆ ಬರುತ್ತಿದ್ದೀರಿ ಅಂದುಕೊಳ್ಳಿ. ದಿನದಿನಕ್ಕೂ ಸ್ವಾತಿ ಮೇಲೇರುತ್ತಾ ಬರುತ್ತದೆ. ಅದು ಸರಿಯಾಗಿ ನೆತ್ತಿಗೆ ಬಂದಾಗ ನೀವು ಹವಾಯಿಯ ಅಕ್ಷಾಂಶಕ್ಕೆ ಬಂದಿದ್ದೀರಿ.

ಶಿಲುಬೆಯ ಆಕಾರದ ತ್ರಿಶಂಕು ನಕ್ಷತ್ರಪುಂಜದಿಂದಲೂ ತಿಳಿಯಬಹುದು. ಶಿಲುಬೆ ನೆಟ್ಟಗೆ ನಿಂತಾಗ ಅದರ ಮೇಲಿನ ಮತ್ತು ಕೆಳಗಿನ ನಕ್ಷತ್ರದ ನಡುವೆ ಸುಮಾರು 6 ಡಿಗ್ರಿ ಇರುತ್ತದೆ. ಹವಾಯಿಯಲ್ಲಿ ಕೆಳಗಿನ ನಕ್ಷತ್ರದಿಂದ ದಿಗಂತಕ್ಕೂ ಅಷ್ಟೇ ಅಂತರ. ಎರಡೂ ಸಮ ಆದರೆ ಊರು ಬಂತು. ಧ್ರುವ ನಕ್ಷತ್ರವೂ ಇದೆ, ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ನಿಮ್ಮ ಅಕ್ಷಾಂಶ. ಟಹೀಟಿಯಲ್ಲಿ ಮಾತ್ರ ಅದು ಕಾಣುವುದಿಲ್ಲ, ಸಮಭಾಜಕದ ಕೆಳಗೆ ಅದು ಮುಳುಗಿಬಿಡುತ್ತದೆ.

ಪೂರ್ವ-ಪಶ್ಚಿಮದ ಲೆಕ್ಕವನ್ನು ನಕ್ಷತ್ರ ಹೇಳುವುದಿಲ್ಲ. ಅದಕ್ಕೇ ಹವಾಯಿಗೆ ಬರುವಾಗ ಬೇಕೆಂದೇ ದ್ವೀಪದ ಪೂರ್ವಕ್ಕೆ ಗುರಿ ಇಡುತ್ತಾರೆ. ಅಕ್ಷಾಂಶ ಸಿಕ್ಕ ಮೇಲೆ ಪಶ್ಚಿಮಕ್ಕೆ ತಿರುಗಿ ಗಾಳಿಯ ಜೊತೆ ಇಳಿದುಬಂದರಾಯಿತು. ಪಶ್ಚಿಮಕ್ಕೆ ತಪ್ಪಿದರೆ ಗಾಳಿಗೆ ಎದುರಾಗಿ ಹತ್ತಬೇಕು, ಪೂರ್ವಕ್ಕೆ ತಪ್ಪಿದರೆ ನಷ್ಟ ಕಡಿಮೆ.

ಹಗಲಲ್ಲಿ ಏನು ಮಾಡುತ್ತಿದ್ದರು? ಮೋಡ ಕವಿದರೆ?

ಬೆಳಗ್ಗೆ ಸಂಜೆ ಸೂರ್ಯ ದಿಗಂತದ ಹತ್ತಿರ ಇರುವಾಗ ದಿಕ್ಕು ಸಿಗುತ್ತದೆ. ನಡುಹಗಲಿಗೆ, ಮೋಡದ ರಾತ್ರಿಗೆ ಹೆದ್ದೆರೆಗಳೇ ಆಧಾರ.

ಇವು ಈಗ ಬೀಸುವ ಗಾಳಿ ಎಬ್ಬಿಸುವ ಸಣ್ಣ ಅಲೆಗಳಲ್ಲ. ಸಾವಿರಾರು ಕಿ.ಮೀ. ಆಚೆ ಎಲ್ಲೋ ಬಿರುಗಾಳಿಯೋ ಸ್ಥಿರವಾದ ಮಾರುತವೋ ಎಬ್ಬಿಸಿದ, ಉದ್ದನೆಯ, ನಿಧಾನದ ಏರಿಳಿತ. ದಿನಗಟ್ಟಲೆ ಒಂದೇ ದಿಕ್ಕಿನಿಂದ ಬರುತ್ತಲೇ ಇರುತ್ತವೆ. ಸೂರ್ಯೋದಯದ ಹೊತ್ತಲ್ಲಿ ನಾವಿಕ ಅವು ಯಾವ ದಿಕ್ಕಿನಿಂದ ಬರುತ್ತಿವೆ ಅಂತ ಗುರುತು ಮಾಡಿಕೊಳ್ಳುತ್ತಾನೆ, ಮುಂದಿನ ಸಂಜೆವರೆಗೂ ದೋಣಿಯ ಓಲಾಟ ಅದೇ ರೀತಿ ಇದೆಯಾ ಅಂತ ಗಮನಿಸುತ್ತಿರುತ್ತಾನೆ. ಎರಡು ಮೂರು ದಿಕ್ಕಿನ ಹೆದ್ದೆರೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೂ ಬೇರೆ ಬೇರೆ ಮಾಡಿ ಗುರುತಿಸಬೇಕು. ಕಣ್ಣಿಗಿಂತ ಮೈಯಿಂದ ಇದು ಚೆನ್ನಾಗಿ ತಿಳಿಯುತ್ತದೆ, ಹಾಗಾಗಿ ಕತ್ತಲಲ್ಲಿ ದೋಣಿಯೊಳಗೆ ಮಲಗಿಕೊಂಡೇ ಓದುವವರಿದ್ದರು. ಮೈಕ್ರೊನೇಷ್ಯಾದ (ಪಾಲಿನೇಷ್ಯಾದ ವಾಯವ್ಯಕ್ಕಿರುವ ಇನ್ನೊಂದು ದ್ವೀಪಗಳ ಗುಂಪು) ಸತವಾಲ್ ದ್ವೀಪದ ನಾವಿಕ ಮೌ ಪಿಯೈಲುಗ್ ಅವರನ್ನು ಅವರ ಅಜ್ಜ ಹಸುಗೂಸಾಗಿದ್ದಾಗಲೇ ತೀರದ ನೀರುಗುಂಡಿಗಳಲ್ಲಿ ಕೂರಿಸುತ್ತಿದ್ದರಂತೆ, ಸಮುದ್ರದ ಎಳೆತ ಮೈಗೆ ಹತ್ತಲಿ ಅಂತ.

ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಅತಿ ಕಷ್ಟದ ಭಾಗ ಇದು. ನಕ್ಷತ್ರವನ್ನು ಪುಸ್ತಕದಿಂದ ಕಲಿಯಬಹುದು. ಇದನ್ನು ಆಗಲ್ಲ.

ಎಷ್ಟು ದೂರ ಬಂದೆವು ಅಂತ ಲೆಕ್ಕ ಇಡುವುದು ಹೇಗೆ?

ನೆನಪಿನಲ್ಲಿ. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಪಕ್ಕದಲ್ಲಿ ನೊರೆಯ ಗುಳ್ಳೆ ಎಷ್ಟು ಬೇಗ ಹಿಂದೆ ಸರಿಯಿತು ಅಂತ ನೋಡಿ ವೇಗ ತಿಳಿಯುತ್ತಾರೆ. ದೋಣಿಯ ಹಿಂದಿನ ನೀರಿನ ಗೆರೆ ಓರೆಯಾಗಿದ್ದರೆ ಗಾಳಿ ಎಷ್ಟು ಪಕ್ಕಕ್ಕೆ ತಳ್ಳುತ್ತಿದೆ ಅಂತ ತಿಳಿಯುತ್ತಾರೆ. ವೇಗ, ದಿಕ್ಕು, ಹೊತ್ತು, ಮೂರನ್ನೂ ಹೊರಟ ಕ್ಷಣದಿಂದ ಒಂದೂ ಬಿಡದೆ ತಲೆಯಲ್ಲಿ ಕೂಡಿಸುತ್ತಾ ಹೋಗಬೇಕು. ಎಲ್ಲಿಂದ ಬಂದೆ ಅನ್ನುವುದು ಮರೆತರೆ ಎಲ್ಲಿದ್ದೇನೆ ಅನ್ನುವುದೂ ಹೋಯಿತು. ಹಾಗಾಗಿ ನಾವಿಕನಿಗೆ ಸರಿಯಾದ ನಿದ್ದೆಯೇ ಇಲ್ಲ, ಆಗಾಗ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಾರೆ ಅಷ್ಟೇ, ತಿಂಗಳಿಡೀ ನಡೆಯುವ ಪಯಣದಲ್ಲೂ.

ಮೈಕ್ರೊನೇಷ್ಯಾದ ಕ್ಯಾರೊಲೈನ್ ದ್ವೀಪಗಳವರು ಇದಕ್ಕೆ ಎಟಾಕ್ ಅನ್ನುವ ವಿಧಾನ ಬಳಸುತ್ತಾರೆ. ಅದರಲ್ಲಿ ದೋಣಿ ನಿಂತೇ ಇದೆ, ದ್ವೀಪಗಳೇ ಚಲಿಸುತ್ತವೆ ಅಂತ ಇಟ್ಟುಕೊಳ್ಳುತ್ತಾರೆ. ರೈಲಿನ ಕಿಟಕಿಯಲ್ಲಿ ಕೂತಾಗ ಹತ್ತಿರದ ಮರಗಳು ದೂರದ ಬೆಟ್ಟದ ಮುಂದೆ ಹಿಂದಕ್ಕೆ ಸರಿಯುತ್ತವಲ್ಲ, ಹಾಗೆ. ಬದಿಯಲ್ಲಿರುವ, ಕಣ್ಣಿಗೆ ಕಾಣದ ಒಂದು ದ್ವೀಪ ಯಾವ ನಕ್ಷತ್ರದ ಕೆಳಗಿಂದ ಯಾವ ನಕ್ಷತ್ರದ ಕೆಳಗೆ ಸರಿಯಿತು ಅಂತ ಮನಸ್ಸಲ್ಲೇ ನೋಡಿ ಸಾಗಿದ ದೂರ ಹೇಳುತ್ತಾರೆ.

ಅಷ್ಟು ದೊಡ್ಡ ಸಾಗರದಲ್ಲಿ ಪುಟ್ಟ ದ್ವೀಪ ಸಿಗುವುದು ಹೇಗೆ?

ದ್ವೀಪ ಕಾಣುವುದಕ್ಕೆ ಬಹಳ ಮುಂಚೆ ಅದರ ಸುಳಿವು ಸಿಗುತ್ತದೆ. ಬಿಳಿ ರೀವ ಹಕ್ಕಿ ನೆಲದಿಂದ ಸುಮಾರು 190 ಕಿ.ಮೀ. ದೂರದವರೆಗೆ ಮೀನಿಗೆ ಬರುತ್ತದೆ, ಕಂದು ನಾಡಿ ಹಕ್ಕಿ ಸುಮಾರು 65 ಕಿ.ಮೀ.ವರೆಗೆ. ಎರಡೂ ಬೆಳಗ್ಗೆ ದ್ವೀಪ ಬಿಟ್ಟು ಸಂಜೆ ಮರಳುತ್ತವೆ, ಸಂಜೆ ಅವು ಹಾರುವ ದಿಕ್ಕಿನಲ್ಲಿ ನೆಲ ಇದೆ. ಬೇರೆ ಕಡಲಹಕ್ಕಿಗಳನ್ನು ಹೀಗೆ ನಂಬುವ ಹಾಗಿಲ್ಲ, ಎಷ್ಟೋ ಜಾತಿಗಳು ತಿಂಗಳುಗಟ್ಟಲೆ ನೆಲ ಮುಟ್ಟುವುದಿಲ್ಲ.

ಮೋಡವೂ ಹೇಳುತ್ತದೆ. ಉಳಿದ ಮೋಡಗಳು ಓಡುತ್ತಿರುವಾಗ ದ್ವೀಪದ ಮೇಲಿನದು ನಿಂತೇ ಇರುತ್ತದೆ. ಹವಳದ ದ್ವೀಪದ ತಿಳಿನೀರು ಮೇಲಿನ ಮೋಡದ ಹೊಟ್ಟೆಗೆ ಹಸಿರು ಛಾಯೆ ಕೊಡುತ್ತದೆ. ದ್ವೀಪಕ್ಕೆ ಬಡಿದು ಬಾಗಿದ, ಹಿಂದಿರುಗಿದ ಹೆದ್ದೆರೆಗಳಿಂದಲೂ ತಿಳಿಯುತ್ತದೆ.

ಹೀಗಾಗಿ ಗುರಿ ಒಂದು ಚುಕ್ಕೆಯಾಗಿ ಉಳಿಯುವುದಿಲ್ಲ. ಪ್ರತಿ ದ್ವೀಪದ ಸುತ್ತ ಹಕ್ಕಿಗಳ ವೃತ್ತ ಬರೆದರೆ ಪಕ್ಕದ ದ್ವೀಪಗಳ ವೃತ್ತಗಳು ಒಂದಕ್ಕೊಂದು ತಾಗಿ ನೂರಾರು ಕಿ.ಮೀ. ಉದ್ದದ ಬೇಲಿ ಆಗುತ್ತದೆ. ನಾವಿಕ ಆ ಬೇಲಿಯನ್ನು ಮುಟ್ಟಿದರೆ ಸಾಕು. ರಾಪಾ ನುಯಿಗೆ ಈ ಅನುಕೂಲ ಇಲ್ಲ, ಅದು ಒಂಟಿ. ಆದರೂ 1999ರಲ್ಲಿ ಹೊಕುಲೇಆ (ಹಳೆಯ ಮಾದರಿಯಲ್ಲಿ ಈ ಕಾಲದಲ್ಲಿ ಕಟ್ಟಿದ್ದು, ಅದರ ಕತೆ ಮುಂದೆ ಬರುತ್ತದೆ) ದೋಣಿ ಮಂಗರೇವಾ ದ್ವೀಪದಿಂದ ಹೊರಟು ಉಪಕರಣ ಇಲ್ಲದೆ ಅದನ್ನೂ ಹುಡುಕಿತು.

ಕಡ್ಡಿಗಳಿಂದ ಮಾಡಿದ ನಕ್ಷೆ ನೋಡಿದ್ದೇನೆ, ಅದು ಇವರದ್ದಾ?

ಅಲ್ಲ, ಅದು ಮೈಕ್ರೊನೇಷ್ಯಾದ ಮಾರ್ಷಲ್ ದ್ವೀಪಗಳದ್ದು. ಹೆದ್ದೆರೆಗಳು ದ್ವೀಪದ ಸುತ್ತ ಹೇಗೆ ಬಾಗುತ್ತವೆ ಅಂತ ಶಿಷ್ಯರಿಗೆ ದಡದಲ್ಲೇ ಕಲಿಸುವ ಸಾಧನ. ಸಮುದ್ರಕ್ಕೆ ಒಯ್ಯುತ್ತಿರಲಿಲ್ಲ.

ದೋಣಿ ಹೇಗಿತ್ತು?

ಎರಡು ಉದ್ದ ಒಡಲುಗಳನ್ನು ಅಡ್ಡ ಮರಗಳಿಂದ ಜೋಡಿಸಿ ನಡುವೆ ಅಟ್ಟ ಹಾಕಿದ ಜೋಡಿ ದೋಣಿ. ಲೋಹದ ಮೊಳೆ ಒಂದೂ ಇಲ್ಲ. ಎಲ್ಲವನ್ನೂ ತೆಂಗಿನ ನಾರಿನ ಹುರಿಯಿಂದ ಕಟ್ಟುತ್ತಿದ್ದರು, ಹಾಗಾಗಿ ಅಲೆ ಹೊಡೆದಾಗ ದೋಣಿ ಸ್ವಲ್ಪ ಬಾಗುತ್ತದೆ, ಸೀಳುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಹಡಗು ಕಟ್ಟುವ ಹಳೆಯ ವಿದ್ಯೆ ಇತ್ತು. ಅದೇ ರೀತಿ ಹೊಲಿದು ಕಟ್ಟಿದ ಕೌಂಡಿನ್ಯ ಹಡಗನ್ನು ಭಾರತೀಯ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಸೇರಿಸಿಕೊಂಡಿತು.

ಯುರೋಪಿನವರು ಈ ವಿದ್ಯೆಯನ್ನು ಕಣ್ಣಾರೆ ನೋಡಿರಲಿಲ್ಲವೇ?

ನೋಡಿದ್ದರು. 1769ರಲ್ಲಿ ಜೇಮ್ಸ್ ಕುಕ್ ಟಹೀಟಿಗೆ ಬಂದಾಗ ರಾಯಾಟೆಯಾ ದ್ವೀಪದ ತುಪಾಯಾ ಅನ್ನುವ ಪುರೋಹಿತ-ನಾವಿಕ ಅವರ ಹಡಗು ಹತ್ತಿದರು. 74 ದ್ವೀಪಗಳ ನಕ್ಷೆ ತಯಾರಾದದ್ದು ಅವರ ತಿಳಿವಳಿಕೆಯಿಂದ. ಹಡಗು ಎಷ್ಟು ಸುತ್ತಿದರೂ ಟಹೀಟಿ ಯಾವ ಕಡೆ ಅಂತ ಕೇಳಿದರೆ ಕೈ ತೋರಿಸುತ್ತಿದ್ದರು. ನ್ಯೂಜಿಲೆಂಡ್ ತಲುಪಿದಾಗ ಅಲ್ಲಿನ ಮೂಲನಿವಾಸಿ ಮಾವೊರಿಗಳಿಗೆ ಅವರ ಮಾತು ಅರ್ಥವಾಯಿತು. ಅಷ್ಟು ದೂರದ ಎರಡು ಜನ ಒಂದೇ ಬೇರಿನವರು ಅನ್ನುವುದಕ್ಕೆ ಇನ್ನೇನು ಬೇಕಿತ್ತು? ತುಪಾಯಾ 1770ರ ಡಿಸೆಂಬರಿನಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕಾಯಿಲೆಯಿಂದ ತೀರಿಕೊಂಡರು. ಅವರ ತಲೆಯಲ್ಲಿದ್ದದ್ದನ್ನು ಯಾರೂ ಪೂರ್ತಿ ಕೇಳಿ ಬರೆದುಕೊಳ್ಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಆಮೇಲೆ ಈ ವಿದ್ಯೆ ಏನಾಯಿತು?

ಹೊರಗಿನ ರೋಗಗಳಿಂದ ಜನಸಂಖ್ಯೆ ಕುಸಿಯಿತು, ವಸಾಹತು ಆಡಳಿತ ಬಂತು, ಯುರೋಪಿನ ಹಡಗು ಬಂತು. ಹವಾಯಿಯಲ್ಲಿ ದೂರಪಯಣ ಅದಕ್ಕೂ ಎಷ್ಟೋ ಮುಂಚೆ ನಿಂತುಹೋಗಿತ್ತು. 20ನೇ ಶತಮಾನದ ನಡುವಿಗೆ ಅಲ್ಲಿ ಇದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

1973ರಲ್ಲಿ ಬೆನ್ ಫಿನ್ನಿ, ಹರ್ಬ್ ಕಾನೆ, ಟಾಮಿ ಹೋಮ್ಸ್ ಸೇರಿ ಪಾಲಿನೇಷ್ಯನ್ ವಾಯೇಜಿಂಗ್ ಸೊಸೈಟಿ ಕಟ್ಟಿದರು. ಹಳೆಯ ಮಾದರಿಯ ಜೋಡಿ ದೋಣಿಯೊಂದನ್ನು 1975ರ ಮಾರ್ಚ್ 8ರಂದು ನೀರಿಗಿಳಿಸಿ ಹೊಕುಲೇಆ, ಅಂದರೆ ಸ್ವಾತಿ ನಕ್ಷತ್ರದ ಹೆಸರನ್ನೇ ಇಟ್ಟರು. ಉದ್ದ ಸುಮಾರು 19 ಮೀಟರ್. ದಾರಿ ತೋರಿಸುವವರು ಹವಾಯಿಯಲ್ಲಿ ಇಲ್ಲದ್ದಕ್ಕೆ ಮೌ ಪಿಯೈಲುಗ್ ಅವರನ್ನು ಕರೆಸಿದರು. ಅವರು ಪಾಲಿನೇಷ್ಯಾದವರಲ್ಲ, ಆ ನೀರಿನಲ್ಲಿ ಒಮ್ಮೆಯೂ ಸಾಗಿರಲಿಲ್ಲ, ದಕ್ಷಿಣದ ಆಕಾಶವೂ ಅವರಿಗೆ ಹೊಸದು. ಆದರೂ 1976ರ ಮೇ 1ರಂದು ಹವಾಯಿಯ ಮಾವಿ ದ್ವೀಪದಿಂದ ಹೊರಟು ಜೂನ್ 4ಕ್ಕೆ ಟಹೀಟಿಯ ಪಪೀಟೆ ಬಂದರು ಮುಟ್ಟಿಸಿದರು. ದಡದಲ್ಲಿ ಸುಮಾರು 17,000 ಜನ ಕಾಯುತ್ತಿದ್ದರು.

ನಿಜವಾಗಿಯೂ ಉಪಕರಣ ಇರಲಿಲ್ವಾ? ಯಾರಾದರೂ ಗುಟ್ಟಾಗಿ ಹೇಳಿಕೊಟ್ಟಿರಬಹುದು.

ಹಿಂದೆ ಬೆಂಗಾವಲಿಗೆ ಒಂದು ದೋಣಿ ಇತ್ತು. ಅದು ಸ್ಥಾನ ದಾಖಲಿಸುತ್ತಿತ್ತು, ಆದರೆ ಮೌ ಅವರಿಗೆ ಹೇಳುತ್ತಿರಲಿಲ್ಲ. ಆ ಪಯಣದಲ್ಲಿ ಸಿಬ್ಬಂದಿ ನಡುವೆ ಜಗಳವೂ ಆಯಿತು. ಬೇಸರಗೊಂಡ ಮೌ ಟಹೀಟಿಯಿಂದಲೇ ಊರಿಗೆ ಹೋದರು, ಹಾಗಾಗಿ ಹೊಕುಲೇಆ ವಾಪಸ್ಸು ಬಂದದ್ದು ಉಪಕರಣಗಳ ಸಹಾಯದಿಂದ. ಇದನ್ನು ಮುಚ್ಚಿಡಬೇಕಾದ್ದಿಲ್ಲ.

1978ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಹೊರಟ ರಾತ್ರಿಯೇ ದೋಣಿ ಮಗುಚಿತು. ಎಡ್ಡಿ ಐಕಾವ್ ಅನ್ನುವ ಸಿಬ್ಬಂದಿ ಸಹಾಯ ತರುತ್ತೇನೆ ಅಂತ ತಮ್ಮ ಸರ್ಫ್ ಹಲಗೆಯ ಮೇಲೆ ಹೋದವರು ಮತ್ತೆ ಸಿಗಲಿಲ್ಲ. ಉಳಿದವರನ್ನು ರಕ್ಷಿಸಿದರು. ಅದಾದ ಮೇಲೆ ಮೌ ಹವಾಯಿಗೆ ಮರಳಿ ಬಂದು ನೈನೋವಾ ಥಾಂಪ್ಸನ್ ಎಂಬ ಯುವಕನಿಗೆ ಕಲಿಸಲು ಒಪ್ಪಿದರು. ತನ್ನ ಕುಟುಂಬದೊಳಗೇ ಹೇಳಿಕೊಡುತ್ತಿದ್ದ ವಿದ್ಯೆಯನ್ನು ಹೊರಗಿನವರಿಗೆ ಬಿಚ್ಚಿಟ್ಟರು. ಇದರಿಂದ ಅವರ ಊರಲ್ಲೇ ಟೀಕೆ ಬಂತು. ಆದರೆ ಊರಿನ ಹುಡುಗರು ಕಲಿಯುತ್ತಿರಲಿಲ್ಲ, ಹೊರಗಿನವರಿಗೂ ಹೇಳದಿದ್ದರೆ ತನ್ನ ಜೊತೆಗೇ ಹೋಗುತ್ತದೆ ಅನ್ನುವ ಭಯ ಅವರಿಗಿತ್ತು.

ನೈನೋವಾ ಹೊನೊಲುಲುವಿನ ತಾರಾಲಯದಲ್ಲಿ ಕೂತು ಆಕಾಶ ಕಲಿತರು, ಮೌ ಜೊತೆ ಸಮುದ್ರ ಕಲಿತರು, 1980ರಲ್ಲಿ ಟಹೀಟಿಗೆ ಹೋಗಿ ವಾಪಸ್ಸೂ ಬಂದರು, ಎರಡೂ ಕಡೆ ಉಪಕರಣ ಇಲ್ಲದೆ. ನೂರಾರು ವರ್ಷಗಳಲ್ಲಿ ಇದನ್ನು ಮಾಡಿದ ಮೊದಲ ಹವಾಯಿಯವರು ಅವರು. 2007ರಲ್ಲಿ ಮೌ ಸತವಾಲ್‌ನಲ್ಲಿ ವಿಧಿವತ್ತಾಗಿ ಅವರನ್ನೂ ಇನ್ನೂ ಕೆಲವು ಹವಾಯಿಯವರನ್ನೂ ಗುರು-ನಾವಿಕರನ್ನಾಗಿ ಮಾಡಿದರು. 2010ರಲ್ಲಿ ಮೌ ತೀರಿಕೊಂಡರು. 2014ರಿಂದ 2017ರವರೆಗೆ ಹೊಕುಲೇಆ ಪ್ರಪಂಚವನ್ನೇ ಸುತ್ತಿತು. ಈಗ ಹವಾಯಿ, ನ್ಯೂಜಿಲೆಂಡ್, ಟಹೀಟಿ, ಕುಕ್ ದ್ವೀಪಗಳಲ್ಲಿ ಇಂಥ ದೋಣಿಗಳೂ ಕಲಿಯುವ ಮಕ್ಕಳೂ ಇದ್ದಾರೆ.

ಕರ್ನಾಟಕದಲ್ಲಿ ಕೂತು ಇದರಲ್ಲಿ ಏನಾದರೂ ಕಲಿಯಬಹುದಾ?

ಆಕಾಶದ ಭಾಗ ಖಂಡಿತ ಕಲಿಯಬಹುದು. ಬೀದರ್ ಕಡೆಯವರಿಗೆ ಸ್ವಾತಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ, ಒಂದು ಡಿಗ್ರಿ ಆಚೀಚೆ. ಬೆಂಗಳೂರಲ್ಲಿ ನೆತ್ತಿಯಿಂದ ಸುಮಾರು 6 ಡಿಗ್ರಿ ಉತ್ತರಕ್ಕೆ. ಎರಡೂ ಊರಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ, ಅಷ್ಟರ ಮಟ್ಟಿಗೆ ನೀವು ಅಕ್ಷಾಂಶ ಅಳೆದ ಹಾಗಾಯಿತು. ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ತ್ರಿಶಂಕು ನೋಡಿ. ಕಾರವಾರದಲ್ಲಿ ಅದರ ಕೆಳಗಿನ ನಕ್ಷತ್ರ ದಿಗಂತದಿಂದ ಶಿಲುಬೆಯ ಎರಡು ಪಟ್ಟು ಎತ್ತರದಲ್ಲಿ ಇರುತ್ತದೆ. ಮಳೆಗಾಲ ಶುರುವಾಗುವ ಮೊದಲೇ ನೋಡಿಬಿಡಿ, ಆಮೇಲೆ ಮೋಡ ಬಿಡುವುದಿಲ್ಲ.

ಶುರು ಮಾಡುವುದಾದರೆ ತಾರಸಿಯ ಒಂದೇ ಜಾಗದಲ್ಲಿ ನಿಂತು, ಒಂದೇ ನಕ್ಷತ್ರ ಎದುರಿನ ಯಾವ ಮರ, ಯಾವ ಟ್ಯಾಂಕ್ ಪಕ್ಕದಿಂದ ಮೇಲೇಳುತ್ತದೆ ಅಂತ ಕೆಲವು ವಾರ ಗುರುತು ಮಾಡಿ. ಹೊತ್ತು ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. ಅದು ಖಾತ್ರಿಯಾದ ಮೇಲೆ ಅದೇ ಜಾಗದಲ್ಲಿ ಹುಟ್ಟುವ ಮುಂದಿನ ನಕ್ಷತ್ರ ಯಾವುದು ಅಂತ ಹುಡುಕಿ.